'ಸೂರ್ಯನ ಕುದುರೆ': ಊರಿಗೆ ಹೋಗಿಬಂದ ಮೇಲೆ

ಈಚೆಗೆ ನಮ್ಮೂರಿನಲ್ಲಿ ಹೈಸ್ಕೂಲಿನ ಹಳೆಯ ಸಹಪಾಠಿಗಳ ಕೂಟವೊಂದು ನಡೆಯಿತು. ಬಸ್ಸಿನಲ್ಲಿ ಓದಲೆಂದು ಯು. ಆರ್. ಅನಂತಮೂರ್ತಿಯವರ (1932–2014) 'ಸೂರ್ಯನ ಕುದುರೆ'ಯನ್ನು ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಲೋಕ ಸುತ್ತಿದ ನಿರೂಪಕ ಹುಟ್ಟೂರಿಗೆ ಬಂದು ಬಾಲ್ಯದ ಗೆಳೆಯ ಹಡೆ ವೆಂಕಟನನ್ನು ಕಾಣುತ್ತಾನೆ. ಅವನ ಕೈಯ ಎಣ್ಣೆಸ್ನಾನದಲ್ಲಿ ಇವನ ಬಿಗುವೆಲ್ಲ ಸಡಿಲುತ್ತದೆ. ಮನೆಯವರಿಗೇ ಬೇಡವಾದ ಈ ಪೆದ್ದನಲ್ಲಿ ತಾನು ಕಳೆದುಕೊಂಡದ್ದು ಉಳಿದಿದೆಯೆಂದು ಹೊಳೆಯುತ್ತದೆ. ಆ ಅಭ್ಯಂಜನದ ಭಾಗಕ್ಕೆ ನಮ್ಮ ಸಣ್ಣಕತೆಗಳಲ್ಲಿ ಸಾಟಿ ಕಡಿಮೆ. ತರಗತಿಯಲ್ಲಿ ನಾನೂ ವೆಂಕಟನನ್ನು ಮುಗ್ಧತೆಯ ಮೂರ್ತಿಯೆಂದೇ ವರ್ಣಿಸುತ್ತ ಬಂದವನು.

ಕೂಟದಲ್ಲಿ ಭಾಷಣ ಮಾಡಿದವರೆಲ್ಲ ಊರು ಬಿಟ್ಟವರು; ಎಲೆ ಹಾಕಿ ಬಡಿಸಿದವರು ಊರಲ್ಲೇ ಉಳಿದವರು. (ನಾನೂ ಭಾಷಣ ಮಾಡಿದೆನೆನ್ನಿ.) ಬಡಿಸುತ್ತಿದ್ದ ಗೆಳೆಯನಿಗೆ, "ನೀನೇ ಪುಣ್ಯವಂತ ಕಣೋ, ಇಲ್ಲೇ ಉಳಿದೆ" ಎಂದೆ. "ಬೆಳಗ್ಗೆ ಬಸ್ಸು ಹತ್ತೋನು ನೀನು, ಹಾಗೇ ಅನ್ಸುತ್ತೆ ಬಿಡು" ಎಂದು ಸಾರಿನ ಸೌಟು ಹಿಡಿದೇ ಮುಂದಿನ ಎಲೆಗೆ ಹೋದ.

ಹಿಂತಿರುಗುವಾಗ ಕಥೆಯನ್ನು ಮತ್ತೆ ಓದಿದೆ. ವೆಂಕಟನ ಹೆಂಡತಿಯ ಗೋಳು ಈ ಸಲ ಕಿವಿಗೆ ಬಿತ್ತು. ಲೇಖಕರು ಅದನ್ನು ಮರೆಮಾಚಿಲ್ಲ. ಆದರೆ ನಿರೂಪಕನ ಬೆರಗು ಅದನ್ನು ಬೇಗ ದಾಟಿಬಿಡುತ್ತದೆ. ಇಷ್ಟು ವರ್ಷ ಪಾಠ ಹೇಳಿಯೂ ನಾನು ಅಲ್ಲಿ ಒಮ್ಮೆಯೂ ನಿಂತಿರಲಿಲ್ಲ.