ಹಿಗ್ಗುವುದು ಅನಿಲಕ್ಕೋ, ಆಮ್ಲಕ್ಕೋ?: ಒಂದು ಪಠ್ಯವಾಕ್ಯದ ವಿಮರ್ಶೆ

ನಾನು ಹೊಸಂಗಡಿಯಿಂದ ಮಾತಾಡ್ತಾ ಇದ್ದೇನೆ. ಇಲ್ಲಿ ತಲೆಗೆ ಪೆಟ್ಟು ಬಿದ್ದವರನ್ನು ಹೆಚ್ಚಾಗಿ ತಲಪಾಡಿ ದಾಟಿಸಿ ಮಂಗಳೂರಿಗೇ ಒಯ್ಯುವುದು. ಉಸಿರು ಕುಂದಿದ್ದರೆ ದಾರಿಯುದ್ದಕ್ಕೂ ಒಬ್ಬರು ಆಂಬು ಬ್ಯಾಗ್ ಒತ್ತುತ್ತಿರಬೇಕು. ಎಷ್ಟು ಬೇಗ ಒತ್ತಬೇಕು? ಇದಕ್ಕೆ ನಾವು ಬಾಯಿಪಾಠ ಮಾಡಿದ ವಾಕ್ಯವೊಂದಿದೆ: ಕಾರ್ಬನ್ ಡೈಆಕ್ಸೈಡ್, ಆಮ್ಲತೆ ಏರಿದರೆ ಮೆದುಳು, ಬೆನ್ನುಹುರಿಯ ಅಪಧಮನಿಗಳು ಹಿಗ್ಗುತ್ತವೆ, ಇಳಿದರೆ ಕುಗ್ಗುತ್ತವೆ. ಹಾಗಾದರೆ ಬೇಗ ಒತ್ತಿ, ಒತ್ತಡ ಇಳಿಸಿ ಅಂತಲೇ ಅರ್ಥವಾಗ್ತದೆ.

ವಾಕ್ಯದ ಬುಡ ಗಟ್ಟಿಯೇ. 1948ರಲ್ಲಿ ಕೆಟಿ ಮತ್ತು ಶ್ಮಿಟ್ ಆರೋಗ್ಯವಂತ ಯುವಕರಿಗೆ ಶೇ 5ರಿಂದ 7ರಷ್ಟು ಕಾರ್ಬನ್ ಡೈಆಕ್ಸೈಡ್ ಇದ್ದ ಗಾಳಿ ಕೊಟ್ಟಾಗ ಮೆದುಳಿನ ರಕ್ತಹರಿವು ಸುಮಾರು ಶೇ 75 ಏರಿತು. ವೇಗವಾಗಿ ಉಸಿರಾಡಿಸಿದಾಗ ಮೂರರಲ್ಲೊಂದು ಪಾಲು ಇಳಿಯಿತು. ಆದರೂ ನನ್ನ ಆಕ್ಷೇಪ ಮೂರು.

ಒಂದು, ಅನಿಲವನ್ನೂ ಆಮ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು. ಅನಿಲ ರಕ್ತ-ಮೆದುಳಿನ ತಡೆಯನ್ನು ಸಲೀಸಾಗಿ ದಾಟುತ್ತದೆ, ಹೈಡ್ರೋಜನ್ ಅಯಾನು ದಾಟುವುದಿಲ್ಲ. ದಾಟಿದ ಅನಿಲ ನಾಳದ ಹೊರಗಿನ ದ್ರವವನ್ನು ಆಮ್ಲೀಯ ಮಾಡುತ್ತದೆ. ನಾಳ ಮುಖ್ಯವಾಗಿ ಪ್ರತಿಕ್ರಿಯಿಸುವುದು ಆ ಆಮ್ಲತೆಗೆ. ಸಕ್ಕರೆ ಕಾಯಿಲೆಯ ಕೀಟೋಅಸಿಡೋಸಿಸ್‌ನಲ್ಲಿ ರಕ್ತ ಆಮ್ಲೀಯ. ಆದರೆ ರೋಗಿ ಏದುಸಿರು ಬಿಟ್ಟು ಅನಿಲ ಇಳಿಯುವುದರಿಂದ ನಾಳ ಕುಗ್ಗಲೂಬಹುದು. ವಾಕ್ಯ ಇಲ್ಲಿ ತಲೆಕೆಳಗಾಗ್ತದೆ.

ಎರಡು, ಹೊತ್ತಿನ ಮಾತೇ ಇಲ್ಲ. ಕೆಲವು ಗಂಟೆಗಳಲ್ಲಿ ಮೆದುಳಿನ ದ್ರವದ ಬೈಕಾರ್ಬನೇಟ್ ಹೊಂದಿಕೊಂಡು ಪರಿಣಾಮ ಮಾಸುತ್ತದೆ. ಆಮೇಲೆ ಥಟ್ಟನೆ ನಿಲ್ಲಿಸಿದರೆ ಒತ್ತಡ ಮರಳಿ ಏರಬಹುದು. 1991ರಲ್ಲಿ ಮೈಝೆಲಾರ್ ತಂಡ 5 ದಿನ ಹೀಗೆ ವೇಗವಾಗಿ ಉಸಿರು ಕೊಟ್ಟು ನೋಡಿತು. ಪೆಟ್ಟು ತುಸು ಕಡಿಮೆ ತೀವ್ರವಿದ್ದವರ ಚೇತರಿಕೆ 3 ಮತ್ತು 6 ತಿಂಗಳಲ್ಲಿ ಹಿಂದೆಯೇ ಉಳಿದಿತ್ತು. ಕುಗ್ಗಿದ ನಾಳದಲ್ಲಿ ಒತ್ತಡದ ಜೊತೆ ರಕ್ತವೂ ಕಡಿಮೆಯಲ್ಲವೇ?

ಮೂರು, ಬೆನ್ನುಹುರಿಯನ್ನು ಮೆದುಳಿನ ಬಾಲದಂತೆ ಸೇರಿಸಿದ್ದು. ಪ್ರಾಣಿಪ್ರಯೋಗಗಳಲ್ಲಿ ಅಲ್ಲೂ ಇದೇ ಪ್ರತಿಕ್ರಿಯೆ ಕಂಡಿದೆ, ನಿಜ. ಆದರೆ ಪೆಟ್ಟು ತಿಂದ ಭಾಗದಲ್ಲಿ ಅದು ಕುಂದುತ್ತದೆ. ನಮಗೆ ಬೇಕಾದದ್ದೂ ಆ ಭಾಗವೇ.

ಹಾಗಾಗಿ ಬ್ಯಾಗ್ ಒತ್ತುವವರಿಗೆ ಹೇಳಬೇಕಾದ ಮಾತು ಬೇರೆ: ದೊಡ್ಡವರಿಗೆ ಸುಮಾರು 6 ಸೆಕೆಂಡಿಗೊಮ್ಮೆ ಒತ್ತಿದರೆ ಸಾಕು, ಮೆದುಳು ಕೆಳಗೆ ಜಾರುತ್ತಿರುವ ಲಕ್ಷಣ ಕಂಡರೆ ಮಾತ್ರ, ಸ್ವಲ್ಪ ಹೊತ್ತು, ಬೇಗ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಈ ದಾರಿ ಎಷ್ಟು ಉದ್ದವಾಗಬಹುದು ಅಂತ ನಾವು ಕಂಡಿದ್ದೇವೆ. ಆ ಹೊತ್ತನ್ನು ಮರೆತ ವಾಕ್ಯ ಪರೀಕ್ಷೆಗೆ ಸಾಕಾದೀತು, ಆಂಬುಲೆನ್ಸಿಗೆ ಸಾಲದು. ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.