ಬೇಸಿಗೆಯ ಗಾಲಿಗಳು

ಐಸ್ ಹಾಕಿ ಸೀಸನ್ ಮುಗಿದು ಅಮೆರಿಕದ ಒಳಾಂಗಣ ಕ್ರೀಡಾಂಗಣಗಳು ಖಾಲಿ ಬಿದ್ದಿರುವ ಹೊತ್ತು. 1993ರ ಬೇಸಿಗೆಯಲ್ಲಿ ಅಲ್ಲಿ ಸ್ಕೇಟ್ ಗಾಲಿಗಳ ಸದ್ದು ಕೇಳಿಸಿತು. ಡೆನ್ನಿಸ್ ಮರ್ಫಿ ಮತ್ತು ಸಂಗಡಿಗರು ಕಟ್ಟಿದ ರೋಲರ್ ಹಾಕಿ ಇಂಟರ್‌ನ್ಯಾಷನಲ್ ಲೀಗ್‌ನ ಮೊದಲ ಸೀಸನ್ ಅದು. ಐಸ್ ಹಾಕಿಯಲ್ಲಿ ಗೋಲ್‌ಕೀಪರ್ ಬಿಟ್ಟು ಐವರು, ಇಲ್ಲಿ ನಾಲ್ವರು. ಒಬ್ಬ ಕಡಿಮೆಯಾದದ್ದರಿಂದಲೇ ಆಟಕ್ಕೆ ಉಸಿರಾಡಲು ಜಾಗ ಸಿಕ್ಕಿತು.

ನನಗೆ ಬಲು ಇಷ್ಟ ರೋಲರ್ ಹಾಕಿಯ ಪಕ್, ಅಂದರೆ ಆಟದ ಬಿಲ್ಲೆ. ಐಸ್ ಮೇಲೆ ರಬ್ಬರ್ ಬಿಲ್ಲೆ ಸಲೀಸಾಗಿ ಜಾರುತ್ತದೆ. ಬರಿನೆಲದಲ್ಲಿ ತಡವರಿಸಿ ಮಗುಚಿಕೊಳ್ಳುತ್ತದೆ. ಅದಕ್ಕೇ ಹಗುರ ಪ್ಲಾಸ್ಟಿಕ್ ಬಿಲ್ಲೆಯ ಎರಡೂ ಮುಖಕ್ಕೆ ಮೊಳೆತಲೆಯಂಥ ಪುಟ್ಟ ಉಬ್ಬುಗಳನ್ನು ಕೂರಿಸಿದರು. ನೆಲಕ್ಕೆ ತಾಗುವುದು ಅವಷ್ಟೇ. ಎಂಥ ಸರಳ ಜಾಣ್ಮೆ!

ಆ ಮೊದಲ ಸೀಸನ್‌ನಲ್ಲಿ ಲೀಗ್‌ನ ಚಾಂಪಿಯನ್ ಟ್ರೋಫಿಯಾದ ಮರ್ಫಿ ಕಪ್ ಅನಹೈಮ್ ಬುಲ್‌ಫ್ರಾಗ್ಸ್ ತಂಡದ ಪಾಲಾಯಿತು.