ಸಣ್ಣ ಪಾತ್ರೆಯ ದೊಡ್ಡ ಲೆಕ್ಕ

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡುವವರ ಪಾಕವಿಧಾನಗಳು ಸಾಮಾನ್ಯವಾಗಿ 5 ಗ್ಯಾಲನ್, ಅಂದರೆ ಸುಮಾರು 19 ಲೀಟರಿನ ಅಳತೆಯಲ್ಲಿರುತ್ತವೆ. ಅದನ್ನು ಅಡುಗೆಮನೆಯ ಒಲೆಗೆ ಹೊಂದುವಂತೆ ಒಂದೇ ಗ್ಯಾಲನ್ನಿಗೆ ಇಳಿಸುವವರ ಜಾಣ್ಮೆ ಕಂಡರೆ ನನಗೆ ಅಪಾರ ಗೌರವ. ಎಲ್ಲವನ್ನೂ ಐದರಿಂದ ಭಾಗಿಸಿದರಾಯಿತಲ್ಲ ಎನ್ನಬಹುದು. ಮಾಲ್ಟ್‌ಗೆ, ಹೆಚ್ಚುಕಡಿಮೆ ಹಾಪ್ಸ್‌ಗೂ ಆ ಲೆಕ್ಕ ನಡೆಯುತ್ತದೆ. ಆವಿ ಮಾತ್ರ ಭಾಗಾಕಾರಕ್ಕೆ ಬಗ್ಗುವುದಿಲ್ಲ.

ನೀರು ಎಷ್ಟು ಇಂಗುತ್ತದೆ ಎಂಬುದನ್ನು ಪಾತ್ರೆಯ ಬಾಯಗಲವೂ ಉರಿಯೂ ನಿರ್ಧರಿಸುತ್ತವೆ, ಒಳಗಿನ ರಸದ ಪ್ರಮಾಣವಲ್ಲ. ಗಂಟೆಗೆ 2 ಲೀಟರ್ ಇಂಗಿದರೆ 19 ಲೀಟರಿಗೆ ಅದು ಅಲ್ಪ ನಷ್ಟ, 4 ಲೀಟರಿಗೆ ಅರ್ಧ ಪಾಲು. ಅದಕ್ಕೇ ಬಲ್ಲವರು ಮೊದಲು ಬರೀ ನೀರನ್ನು ಗಂಟೆಕಾಲ ಕುದಿಸಿ, ಮರದ ಸೌಟಿನ ಹಿಡಿಯ ಮೇಲೆ ಗೀರು ಹಾಕಿ ಇಳಿತ ಅಳೆದುಕೊಳ್ಳುತ್ತಾರೆ. ಆ ಗೀರು ಎಂಥ ಚೆಂದದ ಉಪಕರಣ!

ಕುದಿಸುವುದಕ್ಕೂ ಮೊದಲು ನುಚ್ಚಾದ ಬಾರ್ಲಿ ಮಾಲ್ಟ್ ಸುಮಾರು 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಯಬೇಕು. ಸಣ್ಣ ಪಾತ್ರೆ ಬೇಗ ಆರುತ್ತದೆ. ಕಂಬಳಿ ಸುತ್ತಿ ಅದರ ಬಿಸಿ ಕಾಯುತ್ತಾರೆ. ಆಸ್ಟ್ರೇಲಿಯಾದ ಹವ್ಯಾಸಿಗಳು ಬೆಳೆಸಿದ, ಮಾಲ್ಟನ್ನು ಬಟ್ಟೆಚೀಲದಲ್ಲಿಟ್ಟು ನೆನೆಸುವ ವಿಧಾನ ಇಲ್ಲಿ ವರವೇ ಸರಿ: ಒಂದೇ ಪಾತ್ರೆ ಸಾಕು. ಚೀಲ ಮೇಲೆತ್ತಿದಾಗ ಜೇನುಬಣ್ಣದ ರಸ ಎಳೆಯೆಳೆಯಾಗಿ ಇಳಿಯುತ್ತದೆ, ಬೆಂದ ಧಾನ್ಯದ ಸಿಹಿ ಘಮ ಮನೆಯೆಲ್ಲ ತುಂಬುತ್ತದೆ.

ಯೀಸ್ಟಿಗೂ ತಕ್ಕಡಿ ಬೇಕು. 11 ಗ್ರಾಂ ಪೊಟ್ಟಣ ಪೂರ್ತಿ ಸುರಿಯುವಂತಿಲ್ಲ. ಒಂದು ಗ್ಯಾಲನ್ನಿಗೆ ಎರಡು-ಮೂರು ಗ್ರಾಂ ಧಾರಾಳವಾಯಿತು.